ಒಂದೇ ಕಿವಿಯ ಹೆಡ್‌ಫೋನ್

ಮುಂಬೈ ಲೋಕಲ್ ರೈಲಿನಲ್ಲಿ ಓಡಾಡುವವರಿಗೆ ಈ ಭಂಗಿ ಪರಿಚಿತ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿ. ಜೇಬುಗಳ್ಳರ ಭಯಕ್ಕಲ್ಲ, ಹೆಡ್‌ಫೋನಿನ ವೈರನ್ನು ಪಿನ್ನಿನ ಬುಡದಲ್ಲಿ ಒಂದು ನಿರ್ದಿಷ್ಟ ಕೋನಕ್ಕೆ ಬಗ್ಗಿಸಿ ಹಿಡಿದುಕೊಳ್ಳುವುದಕ್ಕೆ. ಹಿಡಿತ ಕೊಂಚ ಸಡಿಲವಾದರೂ ಎಡಗಿವಿಯ ಹಾಡು ನಿಂತುಹೋಗುತ್ತದೆ. ಠಾಣೆಯಲ್ಲಿ ಜನ ನುಗ್ಗಿದಾಗ ಕೈ ಜಾರುತ್ತದೆ, ಹಾಡೂ ಜಾರುತ್ತದೆ. ಕೆಲವರು ಅಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿರುತ್ತಾರೆ, ಕೆಲವರು ಸೆಲ್ಲೋಟೇಪ್. ಇನ್ನು ಕೆಲವರು ಕೆಟ್ಟ ಬದಿಯನ್ನು ಕೆಟ್ಟಂತೆಯೇ ಬಿಟ್ಟು, ಸರಿಯಿರುವ ಬದಿಯ ದನಿಯನ್ನೇ ಏರಿಸಿಕೊಂಡು ಹೋಗುತ್ತಿರುತ್ತಾರೆ.

‘ಥೋಡಾ ಅಡ್ಜಸ್ಟ್ ಕರೋ’ ಎನ್ನುವುದು ಈ ಊರಿನ ಮೂಲಮಂತ್ರ ತಾನೆ? ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಕೂತು ಅಭ್ಯಾಸವಾದ ನಮಗೆ ಒಂದೇ ಕಿವಿಯ ಹಾಡು ಏನು ಮಹಾ! ಆದರೆ ಈ ಒಂದು ಅಡ್ಜಸ್ಟ್‌ಮೆಂಟ್ ಬೇಡ ಎನ್ನುವುದಕ್ಕೆ ನನ್ನಲ್ಲಿ ಕಾರಣವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ರಿಪೇರಿ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವವನು. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವ ಪಾಠ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಹೆಡ್‌ಫೋನಿಗೂ ಇದೇ ಪಾಠ ಸಾಕು. ನಿಮ್ಮ ಹೆಡ್‌ಫೋನನ್ನು ಮನೆಯ ಇನ್ನೊಬ್ಬರ ಫೋನಿಗೆ ಹಾಕಿ. ಅಲ್ಲಿ ಎರಡೂ ಕಿವಿ ಕೇಳಿಸಿದರೆ ದೋಷ ನಿಮ್ಮ ಫೋನಿನದು. ಅಲ್ಲಿಯೂ ಕೇಳಿಸದಿದ್ದರೆ ಹೆಡ್‌ಫೋನಿನದು. ಅನುಮಾನ ಉಳಿದರೆ ಇನ್ನೊಬ್ಬರ ಹೆಡ್‌ಫೋನನ್ನು ನಿಮ್ಮ ಫೋನಿಗೆ ಹಾಕಿ. ಇಷ್ಟಕ್ಕೆ ಎರಡು ನಿಮಿಷ ಸಾಕು, ಖರ್ಚು ಸೊನ್ನೆ.

ದೋಷ ಫೋನಿನದಾದರೆ ಗಾಬರಿ ಬೇಡ. ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಎಂಬ ವಿಭಾಗವಿರುತ್ತದೆ. ಅಲ್ಲಿ ಎಡ–ಬಲ ದನಿಯನ್ನು ಸರಿದೂಗಿಸುವ ಒಂದು ಗೆರೆ ಇದೆ. ಮಕ್ಕಳ ಕೈಗೆ ಫೋನ್ ಸಿಕ್ಕ ಮನೆಗಳಲ್ಲಿ ಆ ಗೆರೆಯ ಗುಂಡಿ ಒಂದು ತುದಿಗೆ ಹೋಗಿ ಕೂತಿರುವುದುಂಟು. ನಡುವಿಗೆ ತಂದರೆ ಕೆಲಸ ಮುಗಿಯಿತು. ಅಲ್ಲಿಯೇ ‘ಮೋನೋ ಆಡಿಯೋ’ ಎಂಬ ಇನ್ನೊಂದು ಆಯ್ಕೆಯೂ ಇದೆ. ಎಡ–ಬಲ ಎರಡರ ದನಿಯನ್ನೂ ಬೆರೆಸಿ ಎರಡೂ ಕಿವಿಗೆ ಒಂದೇ ಆಗಿ ಕೊಡುತ್ತದೆ. ಒಂದೇ ಕಿವಿ ಚೆನ್ನಾಗಿ ಕೇಳುವವರಿಗೆ ಇದು ವರದಾನ, ನೆನಪಿಟ್ಟುಕೊಳ್ಳಿ.

ಎರಡನೆಯದು ತೂತು. ಜೇಬಿನ ನೂಲಿನ ಎಳೆ, ಧೂಳು ಫೋನಿನ ಜ್ಯಾಕಿನೊಳಗೆ ಸೇರಿ, ಪಿನ್ ಒತ್ತಿದಾಗೆಲ್ಲ ತಳಕ್ಕೆ ಗಟ್ಟಿಯಾಗಿ ಕೂರುತ್ತವೆ. ಆಗ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ. ‘ಟಕ್’ ಎಂದು ಕೂರಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ, ಒಂದು ಬದಿ ಕೇಳುತ್ತದೆ, ಇನ್ನೊಂದು ಇಲ್ಲ. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಪಿನ್ನು, ಹೇರ್‌ಪಿನ್ನು ಬೇಡ. ಚಾರ್ಜಿಂಗ್ ತೂತಿಗೂ ಇದೇ ಔಷಧಿ.

ಮೂರನೆಯದು ಕಿವಿಯೊಳಗೆ ಕೂರುವ ತುದಿಯ ಸಣ್ಣ ಜಾಲರಿ. ಒಂದು ಬದಿಯ ದನಿ ಪೂರ್ತಿ ಸತ್ತಿಲ್ಲ, ದೂರದಿಂದ ಬಂದಂತೆ ಮಂಕಾಗಿದೆ ಎಂದರೆ ಮೊದಲು ಅಲ್ಲಿ ನೋಡಿ. ಕಿವಿಯ ಗುಗ್ಗೆ ಅಲ್ಲಿ ಮೇಣದಂತೆ ಮೆತ್ತಿಕೊಂಡಿರುತ್ತದೆ. ರಬ್ಬರ್ ಟೋಪಿ ಕಳಚಿ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಹಳೆಯ ಮೆತ್ತನೆಯ ಟೂತ್‌ಬ್ರಶ್ಶಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ಸೋಕಿಸಿ ಉಜ್ಜಿ. ಕೆಳಮುಖ ಏಕೆಂದರೆ, ಮೇಲ್ಮುಖವಾಗಿದ್ದರೆ ಕರಗಿದ ಕೊಳೆ ಒಳಗೇ ಇಳಿಯುತ್ತದೆ.

ಇವು ಮೂರೂ ಅಲ್ಲ ಎಂದಾದರೆ ವೈರಿಗೆ ಬನ್ನಿ. ಹಾಡು ಹಾಕಿ, ವೈರನ್ನು ಮೂರು ಜಾಗದಲ್ಲಿ ಮೆಲ್ಲಗೆ ಬಗ್ಗಿಸುತ್ತ ಹೋಗಿ: ಪಿನ್ನಿನ ಬುಡ, ಒಂದು ವೈರು ಎರಡಾಗುವ ಕವಲು, ಕಿವಿಯ ಹತ್ತಿರದ ಬುಡ. ಎಲ್ಲಿ ಬಗ್ಗಿಸಿದಾಗ ‘ಕರ್ ಕರ್’ ಎನ್ನುತ್ತದೋ, ಹೋದ ದನಿ ಬರುತ್ತದೋ ಅಲ್ಲಿ ತಂತಿ ತುಂಡಾಗಿದೆ. ಬಹುಪಾಲು ಸಲ ಅದು ಪಿನ್ನಿನ ಬುಡವೇ ಆಗಿರುತ್ತದೆ. ಮೆತ್ತಗಿನ ವೈರು ಗಟ್ಟಿ ಪಿನ್ನನ್ನು ಸೇರುವ ಜಾಗದಲ್ಲಿಯೇ ಎಲ್ಲ ಬಾಗುವಿಕೆಯೂ ನಡೆಯುವುದು. ಗದ್ದಲದಲ್ಲಿ ಯಾರದೋ ಬ್ಯಾಗಿಗೆ ಸಿಕ್ಕಿಕೊಂಡು ಎಳೆದಾಗ ಏಟು ಬೀಳುವುದೂ ಅಲ್ಲಿಗೇ.

ಇಲ್ಲಿ ಒಂದು ವಿಚಿತ್ರ ದೋಷದ ಬಗ್ಗೆ ಹೇಳಲೇಬೇಕು. ಎರಡೂ ಕಿವಿಯಲ್ಲಿ ಸಂಗೀತ ಕೇಳುತ್ತದೆ, ಆದರೆ ಹಾಡುವವರ ಕಂಠ ಮಾಯ! ಪಿಟೀಲು, ತಬಲಾ ಎಲ್ಲ ಇದೆ, ಗಾಯಕ ಎಲ್ಲೋ ಬಾವಿಯೊಳಗೆ ಇದ್ದಾನೆ. ಇದು ಭೂತಚೇಷ್ಟೆಯಲ್ಲ. ಹೆಡ್‌ಫೋನಿಗೆ ಮುಖ್ಯವಾಗಿ ಮೂರು ದಾರಿಗಳಿವೆ: ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಮರಳಿ ಹೋಗುವ ದಾರಿ ಒಂದು. ಈ ಮೂರನೆಯ ದಾರಿಗೆ ಗ್ರೌಂಡ್ ಎನ್ನುತ್ತಾರೆ. ಅದು ತುಂಡಾದರೆ ವಿದ್ಯುತ್ತು ಎಡದಿಂದ ಬಲಕ್ಕೆ ಹಾದು ಹೋಗಬೇಕಾಗುತ್ತದೆ. ಆಗ ಕೇಳಿಸುವುದು ಎಡ–ಬಲಗಳ ವ್ಯತ್ಯಾಸ ಮಾತ್ರ. ಗಾಯಕರ ಕಂಠವನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಇಟ್ಟಿರುವುದರಿಂದ ಅದು ಕಳೆದು ಸೊನ್ನೆಯಾಗುತ್ತದೆ. ಹಳೆಯ ಕಪ್ಪು–ಬಿಳುಪು ಕಾಲದ ಮೋನೋ ಹಾಡು ಹಾಕಿದರಂತೂ ಹೆಚ್ಚುಕಡಿಮೆ ನಿಶ್ಶಬ್ದವೇ. ಈ ಲಕ್ಷಣ ಕಂಡರೆ ಸ್ಪೀಕರನ್ನು ಬೈಯಬೇಡಿ, ಗ್ರೌಂಡ್ ತಂತಿ ಹುಡುಕಿ.

ಮೈಕ್ ಇರುವ ಹೆಡ್‌ಫೋನಿನ ಪಿನ್ನಿನಲ್ಲಿ ನಾಲ್ಕು ಭಾಗಗಳಿರುತ್ತವೆ, ಮೂರು ಕಪ್ಪು ಗೆರೆಗಳಿಂದ ಗುರುತಿಸಬಹುದು. ತುದಿ ಎಡಗಿವಿಗೆ, ಅದರ ಮುಂದಿನ ಬಳೆ ಬಲಗಿವಿಗೆ, ಅದರಾಚೆಯದು ಗ್ರೌಂಡ್, ಬುಡದ್ದು ಮೈಕು. ಇದು ಈಗಿನ ರೂಢಿ. ಹಳೆಯ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲುಬದಲಾಗಿದ್ದವು. ಅಂಥ ಜೋಡಿ ಹೊಂದದಿದ್ದಾಗಲೂ ಕಂಠ ಮಾಯವಾಗುತ್ತದೆ. ವೈರಿನ ಮೇಲಿನ ಬಟನ್ ಒತ್ತಿ ಹಿಡಿದಾಗ ಹಾಡು ಸರಿಯಾದರೆ ಆ ಹೆಡ್‌ಫೋನ್ ಕೆಟ್ಟಿಲ್ಲ, ಆ ಫೋನಿಗೆ ಹೊಂದುವುದಿಲ್ಲ ಅಷ್ಟೆ.

ಇನ್ನು ಕೈಗೆ ಕೆಲಸ. ಒಂದು ಸಣ್ಣ ಸಾಲ್ಡರಿಂಗ್ ಐರನ್, ಸ್ವಲ್ಪ ಸಾಲ್ಡರ್ ತಂತಿ, ಒಂದು ಅಗ್ಗದ ಮಲ್ಟಿಮೀಟರ್, ಹೊಸ 3.5 ಮಿ.ಮೀ. ಪಿನ್ ಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಇವೆಲ್ಲ ಒಂದೇ ಸುತ್ತಿಗೆ ಸಿಗುತ್ತವೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಸಾಕು. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದ್ದರೂ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಹುಡುಕುವವರಿಗೆಲ್ಲ ಅದು ಇಂದಿಗೂ ಲ್ಯಾಮಿಂಗ್ಟನ್ ರೋಡೇ. ಪಿನ್ ಕೊಳ್ಳುವಾಗ ಮೂರು ಭಾಗದ್ದೋ ನಾಲ್ಕು ಭಾಗದ್ದೋ ನೋಡಿ ಕೊಳ್ಳಿ. ಹಳೆಯ ಪಿನ್ ಜೊತೆಗೆ ಒಯ್ದರೆ ಮಾತೇ ಬೇಡ.

ಹೆಡ್‌ಫೋನನ್ನು ಫೋನಿನಿಂದ ಬಿಡಿಸಿ. ಹಳೆಯ ಪಿನ್ನಿನಿಂದ ಎರಡು ಇಂಚು ಬಿಟ್ಟು ವೈರು ಕತ್ತರಿಸಿ, ದೋಷ ಆ ತುಂಡಿನೊಂದಿಗೇ ಹೋಗುತ್ತದೆ. ಹೊಸ ಪಿನ್ನಿನ ಹೊರಕವಚವನ್ನು ಈಗಲೇ ವೈರಿಗೆ ಪೋಣಿಸಿಡಿ. ಬೆಸುಗೆ ಹಾಕಿದ ಮೇಲೆ ಪೋಣಿಸಲು ದಾರಿಯಿರುವುದಿಲ್ಲ. ಮೇಲಿನ ಸಿಪ್ಪೆ ಸುಲಿದರೆ ಕೂದಲಿನಂಥ ಬಣ್ಣದ ತಂತಿಗಳು ಕಾಣುತ್ತವೆ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್. ಆದರೆ ಬಣ್ಣವನ್ನು ನಂಬಿ ಕೂರಬೇಡಿ, ಮಲ್ಟಿಮೀಟರನ್ನು ಕೇಳಿ.

ಹೊಸಬರು ಸೋಲುವುದು ಮುಂದಿನ ಹಂತದಲ್ಲಿ. ಈ ತಂತಿಗಳು ಬರಿಯ ತಾಮ್ರವಲ್ಲ. ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎನಾಮಲ್ ಲೇಪವಿದೆ, ಎಳೆಗಳ ನಡುವೆ ಬಲಕ್ಕೆಂದು ದಾರವೂ ಇದೆ. ಲೇಪ ಹೋಗದೆ ಬೆಸುಗೆ ಹಿಡಿಯುವುದಿಲ್ಲ. ಕಾದ ಐರನ್ನಿನ ತುದಿಯಲ್ಲಿ ಒಂದು ಹನಿ ಸಾಲ್ಡರ್ ಕರಗಿಸಿ, ಅದರೊಳಗೆ ತಂತಿಯ ತುದಿಯನ್ನು ಅದ್ದಿ ಕೆಲವು ಸೆಕೆಂಡು ಹಿಡಿಯಿರಿ. ಹೊಗೆ ಬಂದು, ಲೇಪ ಸುಟ್ಟು, ತುದಿ ಬೆಳ್ಳಗೆ ಹೊಳೆಯುತ್ತದೆ. ಕಿಟಕಿ ತೆರೆದಿರಲಿ, ಮಕ್ಕಳು ದೂರವಿರಲಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸಾಲ್ಡರಿನಲ್ಲಿ ಸೀಸ ಇರಬಹುದು.

ಈಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎಡದ ತಂತಿ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಸಾಮಾನ್ಯ ಹೆಡ್‌ಫೋನಿನಲ್ಲಿ 16 ಅಥವಾ 32 ಓಮ್ ಆಸುಪಾಸು ಬರುತ್ತದೆ. ಬಲಕ್ಕೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬರಬೇಕು. ಮೀಟರಿನ ಕಡ್ಡಿ ಮುಟ್ಟಿಸಿದಾಗ ಆ ಬದಿಯ ಸ್ಪೀಕರಿನಲ್ಲಿ ಸಣ್ಣಗೆ ‘ಟಿಕ್’ ಎನ್ನುತ್ತದೆ. ಯಾವ ಬಣ್ಣ ಯಾವ ಕಿವಿ ಎಂಬುದು ಅಲ್ಲೇ ಗೊತ್ತಾಯಿತು. ಸಂಖ್ಯೆಯೇ ಬಾರದಿದ್ದರೆ ಆ ಬದಿಯಲ್ಲಿ ತಂತಿ ಇನ್ನೆಲ್ಲೋ ತುಂಡಾಗಿದೆ, ಇಲ್ಲವೆ ಸ್ಪೀಕರಿನ ಸುರುಳಿಯೇ ಹೋಗಿದೆ. ಸುರುಳಿ ಹೋಗಿದ್ದರೆ ಮನೆಯಲ್ಲಿ ಹೆಣಗಾಡುವುದು ಬೇಡ. ಎಲ್ಲ ಸರಿಯಿದ್ದರೆ ಆಯಾ ಜಾಗಕ್ಕೆ ಬೆಸುಗೆ ಹಾಕಿ, ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ, ಕವಚ ತಿರುಗಿಸುವ ಮೊದಲೇ ಹಾಡು ಹಾಕಿ ಪರೀಕ್ಷಿಸಿ.

ಪಿನ್ನಿಗೆ ಇಪ್ಪತ್ತೋ ಮೂವತ್ತೋ ರೂಪಾಯಿ. ಮೊದಲ ಸಲ ಒಂದು ಗಂಟೆ, ಎರಡನೆಯ ಸಲ ಇಪ್ಪತ್ತು ನಿಮಿಷ. ಊಟದ ಮೇಜಿನ ಮೇಲೆ ಇಂಥ ಕೆಲಸವೇ ಎಂದು ಮನೆಯವರು ಮೂಗು ಮುರಿದರೆ ಅವರಿಗೊಂದು ಇತಿಹಾಸ ಹೇಳಿ. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ಎಂಬವರು ಮನೆಯ ಅಡುಗೆಕೋಣೆಯಲ್ಲಿ ಕೈಯಾರೆ ಮಾಡಿದ ಹೆಡ್‌ಫೋನುಗಳನ್ನೇ ಆ ದೇಶದ ನೌಕಾಪಡೆ ತರಿಸಿಕೊಂಡದ್ದು. ಆ ಹೆಡ್‌ಫೋನುಗಳು ಹುಟ್ಟಿದ್ದೇ ಅಡುಗೆಮನೆಯಲ್ಲಿ.

ನಮ್ಮ ಮಳೆಗಾಲದ ಬಗ್ಗೆ ಎರಡು ಮಾತು. ತಲೆಯ ಮೇಲೆ ಹಾಕುವ ದೊಡ್ಡ ಹೆಡ್‌ಫೋನಿನ ಮೆತ್ತೆ ಕಪ್ಪು ಹಪ್ಪಳದಂತೆ ಉದುರಿ ಕಿವಿಗೆ, ಕಾಲರಿಗೆ ಅಂಟುವುದನ್ನು ಕಂಡಿರಬಹುದು. ನಾವು ರೆಕ್ಸಿನ್ ಎನ್ನುವ ಆ ಹೊದಿಕೆ ಪಾಲಿಯುರೆಥೇನ್. ಗಾಳಿಯ ತೇವ, ಬೆವರು ಅದನ್ನು ನಿಧಾನವಾಗಿ ಒಡೆಯುತ್ತವೆ. ಮುಂಬೈಯಲ್ಲಿ ಎರಡಕ್ಕೂ ಬರವಿಲ್ಲ. ಇದಕ್ಕಾಗಿ ಹೆಡ್‌ಫೋನ್ ಎಸೆಯಬೇಡಿ. ಮೆತ್ತೆಯ ಅಳತೆ ತೆಗೆದುಕೊಂಡರೆ ಹೊಸ ಜೋಡಿ ಮೆತ್ತೆ ಮಾತ್ರ ಕೊಳ್ಳಬಹುದು.

ವೈರೇ ಇಲ್ಲದ ಕಿವಿಬೀಜಗಳ ಕಥೆ ಬೇರೆ. ಒಂದು ಬದಿ ಸತ್ತಿದೆ ಎಂದರೆ ಮೊದಲು ಅದರ ಮತ್ತು ಡಬ್ಬಿಯ ಲೋಹದ ಚುಕ್ಕೆಗಳನ್ನು ಒಣ ಹತ್ತಿಯಿಂದ ಒರೆಸಿ. ಬೆವರಿನ ಉಪ್ಪು ಕೂತು ಚಾರ್ಜ್ ಆಗದಿರುವುದು ಬಹಳ ಸಾಮಾನ್ಯ. ಆಮೇಲೆ ಫೋನಿನ ಬ್ಲೂಟೂತ್ ಪಟ್ಟಿಯಿಂದ ಅದನ್ನು ಅಳಿಸಿ, ಕೈಪಿಡಿಯಲ್ಲಿ ಹೇಳಿದಂತೆ ರೀಸೆಟ್ ಮಾಡಿ, ಮತ್ತೆ ಜೋಡಿಸಿ. ಇದಕ್ಕೂ ಬಗ್ಗದಿದ್ದರೆ ಬ್ಯಾಟರಿ ಮುಗಿದಿದೆ ಎನ್ನಬೇಕು. ಅಲ್ಲಿಗೆ ಕೈ ಕಟ್ಟಿ ಕೂರಬೇಕಾಗುತ್ತದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಲಿಥಿಯಂ ಬ್ಯಾಟರಿಯನ್ನು ಚಾಕುವಿನಿಂದ ಮೀಟಲು ಹೋದರೆ ಬೆಂಕಿ ಹತ್ತಬಹುದು. ಬೇಡವೇ ಬೇಡ. ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಹೀಗೆಯೇ ಇರಬೇಕೆಂದು ವಿಧಿಯೇನೂ ಬರೆದಿಲ್ಲ. ವಸ್ತುಗಳನ್ನು ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಆಪಲ್‌ನ ಏರ್‌ಪಾಡ್ಸ್‌ಗೆ 10ಕ್ಕೆ ಸೊನ್ನೆ ಕೊಟ್ಟಿತ್ತು. 2024ರಲ್ಲಿ ಬಂದ ಫೇರ್‌ಫೋನ್ ಕಂಪನಿಯ ಫೇರ್‌ಬಡ್ಸ್‌ಗೆ ಅದೇ ಸಂಸ್ಥೆ 10ಕ್ಕೆ 10 ಕೊಟ್ಟಿತು. ಅದರ ಬ್ಯಾಟರಿ ಬಳಸುವವರೇ ಬದಲಿಸುವಂಥದ್ದು. ಅಷ್ಟೇ ಪುಟ್ಟ ವಸ್ತು, ಮಾಡಬೇಕೆಂಬ ಮನಸ್ಸು ಮಾತ್ರ ಬೇರೆ. ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಸುವವರು ತಾವೇ ತೆಗೆದು ಬದಲಿಸುವಂತಿರಬೇಕು ಎಂಬ ಯುರೋಪಿನ ಒಕ್ಕೂಟದ ನಿಯಮ 2027ರ ಫೆಬ್ರುವರಿಯಿಂದ ಅನ್ವಯವಾಗುತ್ತದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವೂ ಬಂತು. ಆದರೆ ಸರ್ವಿಸ್ ಸೆಂಟರಿನ ಕಿಟಕಿಯಲ್ಲಿ ನನಗೆ ಸಿಕ್ಕ ಉತ್ತರ ಈಗಲೂ ಒಂದೇ: “ರಿಪೇರ್ ನಹೀ ಹೋತಾ, ನಯಾ ಲೇ ಲೋ.” ಕೊಳ್ಳುವಾಗಲೇ ‘ಬ್ಯಾಟರಿ ಬದಲಿಸಬಹುದೆ, ವೈರು ಕಳಚಬಹುದೆ, ಮೆತ್ತೆ ಬಿಡಿಯಾಗಿ ಸಿಗುತ್ತದೆಯೆ’ ಎಂದು ಮೂರು ಪ್ರಶ್ನೆ ಕೇಳುವ ಗಿರಾಕಿಗಳು ಹೆಚ್ಚಾದರೆ ಈ ಉತ್ತರವೂ ಬದಲಾದೀತು.

ಈಗ, ಅಡ್ಜಸ್ಟ್ ಬೇಡ ಎಂದದ್ದೇಕೆ ಎಂಬ ವಿಷಯಕ್ಕೆ ಬರುತ್ತೇನೆ.

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಕಾರ್ಕಳ ಕಡೆಯ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಕ್ಯಾಂಟೀನ್ ನಡೆಸಿ ಈಗ ಮಗನ ಮನೆಯಲ್ಲಿ ವಿಶ್ರಾಂತಿ. ಕಟ್ಟಡದ ಕನ್ನಡದವರಿಗೆಲ್ಲ ಅವರು ಮಾಮ. ರಾತ್ರಿ ಮೊಮ್ಮಗಳ ಓದಿಗೆ ತೊಂದರೆಯಾಗಬಾರದೆಂದು ಹೆಡ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಯಕ್ಷಗಾನ ನೋಡುವುದು ಅವರ ಪರಿಪಾಠ. ಒಂದು ಭಾನುವಾರ ಪ್ಲಾಸ್ಟಿಕ್ ಚೀಲದಲ್ಲಿ ಮೂರು ಹೆಡ್‌ಫೋನ್ ತಂದು ನನ್ನ ಮುಂದೆ ಸುರಿದರು. “ಮೂರೂ ಎಡದ್ದು ಸರಿ ಇಲ್ಲ ಮಾರಾಯ. ಚೆಂಡೆ ಕೇಳ್ತದೆ, ಭಾಗವತರ ಶಬ್ದ ಸ್ಪಷ್ಟ ಇಲ್ಲ. ಈಗಿನ ಮಾಲೇ ಹೀಗೆ.”

ಮೂರನ್ನೂ ಅಳೆದೆ. ಎಡ–ಬಲ ಒಂದೇ ಸಂಖ್ಯೆ. ನನ್ನ ಕಿವಿಗೆ ಮೂರೂ ಸರಿ. ಕೊನೆಗೆ ಒಂದನ್ನು ಅವರಿಗೇ ತಿರುಗುಮುರುಗಾಗಿ, ಎಡದ್ದು ಬಲಗಿವಿಗೆ, ಬಲದ್ದು ಎಡಗಿವಿಗೆ ಹಾಕಿ, “ಈಗ ಯಾವ ಕಡೆ ಕಡಿಮೆ, ಮಾಮ?” ಎಂದು ಕೇಳಿದೆ. ಅವರು ಎಡಗಿವಿಯನ್ನೇ ಮುಟ್ಟಿ ತೋರಿಸಿದರು. ದೋಷ ಹೆಡ್‌ಫೋನಿನೊಂದಿಗೆ ಬಲಕ್ಕೆ ಬರಲಿಲ್ಲ. ಅವರೊಂದಿಗೇ ಉಳಿಯಿತು.

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, “ಇದಕ್ಕೆ ನಿನ್ನ ಹತ್ರ ಸಾಲ್ಡರ್ ಇಲ್ವಾ?” ಎಂದು ನಕ್ಕರು.

ಕಿವಿಯ ವೈದ್ಯರು ಎಡಗಿವಿಯಿಂದ ಗಟ್ಟಿಯಾದ ಗುಗ್ಗೆ ತೆಗೆದರು, ಅರ್ಧ ಸರಿಹೋಯಿತು. ಉಳಿದರ್ಧ ನರದ್ದು, ಮರಳಿ ಬರುವಂಥದ್ದಲ್ಲ. ಈಗ ಶ್ರವಣಯಂತ್ರ ಹಾಕಿಕೊಂಡಿದ್ದಾರೆ. ವಯಸ್ಸಿನೊಂದಿಗೆ ಮೊದಲು ಹೋಗುವುದು ಎತ್ತರದ ದನಿಗಳು. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿ. ಅದಕ್ಕೇ ಚೆಂಡೆ ಕೇಳುತ್ತಿತ್ತು, ಪದ್ಯದ ಮಾತು ಕೇಳುತ್ತಿರಲಿಲ್ಲ.

ಮಾಮನದು ವಯಸ್ಸು. ನಮ್ಮದು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ 80 ಡೆಸಿಬೆಲ್ ದನಿ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ದನಿ 3 ಡೆಸಿಬೆಲ್ ಏರಿದಾಗೆಲ್ಲ ಗಂಟೆ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಡೋಂಬಿವಲಿ, ವಿರಾರ್, ಪನ್ವೇಲ್ ಕಡೆಯಿಂದ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ ಓಡಾಡುವವರದು 12 ಗಂಟೆ. 86ರಲ್ಲಿ ಕೇಳಿದರೆ ಪಾಲು ರೈಲಿನಲ್ಲಿಯೇ ಮುಗಿದು ಸಾಲವಾಯಿತು. ತೆರೆದ ಬಾಗಿಲಿನ ರೈಲಿನ ಗದ್ದಲದಲ್ಲಿ ಹಾಡು ಕೇಳಬೇಕೆಂದರೆ ದನಿ ತಾನಾಗಿ ಮೇಲೇರುತ್ತದೆ. ಒಂದು ಬದಿ ಸತ್ತಿದ್ದರೆ ಇನ್ನೊಂದು ಬದಿಗೆ ಮತ್ತಷ್ಟು ಏರಿಸುತ್ತೇವೆ. ರಬ್ಬರ್ ಟೋಪಿ ಹರಿದು ಗದ್ದಲ ಒಳಗೆ ಸೋರಿದರೂ ಏರಿಸುತ್ತೇವೆ. ಜಾಲರಿ ಕಟ್ಟಿದರೂ ಏರಿಸುತ್ತೇವೆ. ಮೂವತ್ತು ರೂಪಾಯಿಯ ಪಿನ್ನು, ಹತ್ತು ರೂಪಾಯಿಯ ಟೋಪಿ ಉಳಿಸಲು ಹೋಗಿ ಖರ್ಚಾಗುತ್ತಿರುವುದು ಕಿವಿ. ಅದಕ್ಕೆ ಲ್ಯಾಮಿಂಗ್ಟನ್ ರೋಡಿನಲ್ಲಿಯೂ ಬಿಡಿಭಾಗ ಸಿಗುವುದಿಲ್ಲ.

ಆದ್ದರಿಂದ ಹೆಡ್‌ಫೋನಿನ ಒಂದು ಬದಿ ಮಂಕಾಗಿದೆ ಎನಿಸಿದ ದಿನ ದನಿ ಏರಿಸುವ ಬದಲು ಮೊದಲು ಅದನ್ನು ತಿರುಗಿಸಿ ಹಾಕಿ ನೋಡಿ. ಮನೆಯ ಹಿರಿಯರಿಗೂ, ದಿನವಿಡೀ ಕಿವಿಗೆ ಸಿಕ್ಕಿಸಿಕೊಂಡಿರುವ ಮಕ್ಕಳಿಗೂ ಹಾಕಿ ನೋಡಿ. ಮಂಕು ಹೆಡ್‌ಫೋನಿನೊಂದಿಗೆ ಆ ಕಡೆಗೆ ಹೋದರೆ ಮೇಲಿನ ಪಟ್ಟಿ ತೆಗೆದು ಒಂದೊಂದಾಗಿ ಪರೀಕ್ಷಿಸಿ. ಅದೇ ಕಿವಿಯಲ್ಲಿ ಉಳಿದರೆ ಆ ವಾರವೇ ಕಿವಿಯ ವೈದ್ಯರಲ್ಲಿಗೆ ಹೋಗಿ. ಬೆಳಿಗ್ಗೆ ಎದ್ದಾಗ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಂತಾಗಿದ್ದರೆ ವಾರವನ್ನೂ ಕಾಯಬೇಡಿ. ಅದು ತುರ್ತು ಪರಿಸ್ಥಿತಿ, ದಿನ ಕಳೆದಷ್ಟೂ ಚಿಕಿತ್ಸೆ ಫಲಿಸುವ ಸಂಭವ ಕಡಿಮೆಯಾಗುತ್ತದೆ. ಅವತ್ತಿನ ಲೋಕಲ್ ಬಿಟ್ಟು ಆಸ್ಪತ್ರೆಯ ರಿಕ್ಷಾ ಹಿಡಿಯಿರಿ.